ಎಲ್ಲ ಕಂಪನಿಗಳಲ್ಲೂ ಅವೇ ಹೆಸರುಗಳು ಯಾಕೆ?

ಪ್ರಶ್ನೆ: ನಾನು ದಾವಣಗೆರೆಯವನು, ನಿವೃತ್ತ ಬ್ಯಾಂಕ್ ನೌಕರ. ನಿವೃತ್ತಿಯ ಹಣದಲ್ಲಿ ಒಂದಿಷ್ಟನ್ನು ಷೇರಿಗೆ ಹಾಕಿದ್ದೇನೆ. ಈ ಸಲ ಕಂಪನಿಗಳು ಕಳಿಸಿದ ವಾರ್ಷಿಕ ವರದಿಗಳನ್ನು ಕೂತು ಓದಿದೆ. ಒಂದು ಸಿಮೆಂಟ್ ಕಂಪನಿ, ಒಂದು ಔಷಧ ಕಂಪನಿ, ಒಂದು ಖಾಸಗಿ ಬ್ಯಾಂಕ್, ಮೂರರ ನಿರ್ದೇಶಕ ಮಂಡಳಿಯಲ್ಲೂ ಒಬ್ಬರೇ ನಿವೃತ್ತ ಐಎಎಸ್ ಅಧಿಕಾರಿ ಇದ್ದಾರೆ. ಇದಕ್ಕೆ ಕಾನೂನಿನಲ್ಲಿ ಅವಕಾಶ ಇದೆಯೇ? ನನ್ನ ತಂಗಿಯ ಮಗ, ಎಂ.ಕಾಂ. ಓದುವವನು, 'ಮಾವ, ಇಡೀ ಜಗತ್ತನ್ನು ಮುನ್ನೂರು ಜನ ಆಳ್ತಾರೆ, ಎಲ್ಲರೂ ಒಬ್ಬರಿಗೊಬ್ಬರು ಗೊತ್ತು' ಎಂದು ವಾಟ್ಸ್ಆ್ಯಪ್‌ನಲ್ಲಿ ವಿಡಿಯೊ ಕಳಿಸುತ್ತಾನೆ. ಅದರಲ್ಲಿ ನಿಜ ಎಷ್ಟು? ಐವತ್ತು ಷೇರು ಇಟ್ಟುಕೊಂಡ ನನ್ನಂಥವನಿಗೆ ಇದರಿಂದ ಏನಾಗಬೇಕು?

ಉತ್ತರ: ಕಾನೂನಿನ ಪ್ರಶ್ನೆ ಮೊದಲು ಮುಗಿಸಿಬಿಡೋಣ. ಅವಕಾಶ ಇದೆ. 2013ರ ಕಂಪನಿ ಕಾಯ್ದೆಯ 165ನೇ ಸೆಕ್ಷನ್ ಪ್ರಕಾರ ಒಬ್ಬರು ಒಟ್ಟು 20 ಕಂಪನಿಗಳಲ್ಲಿ ನಿರ್ದೇಶಕರಾಗಿರಬಹುದು, ಅದರಲ್ಲಿ ಪಬ್ಲಿಕ್ ಕಂಪನಿಗಳು 10 ದಾಟಬಾರದು. ಷೇರುಪೇಟೆಯಲ್ಲಿ ಪಟ್ಟಿಯಾದ ಕಂಪನಿಗಳ ಮಟ್ಟಿಗೆ ಪೇಟೆಯ ನಿಯಂತ್ರಕ ಸೆಬಿಯ ನಿಯಮ ಇನ್ನೂ ಬಿಗಿ. 2020ರ ಏಪ್ರಿಲ್‌ನಿಂದ ಮಿತಿ ಏಳು ಕಂಪನಿಗಳಿಗೆ ನಿಂತಿದೆ. ಒಂದು ಪಟ್ಟಿಯಾದ ಕಂಪನಿಯಲ್ಲಿ ಪೂರ್ಣಾವಧಿ ನಿರ್ದೇಶಕರಾಗಿ ಸಂಬಳ ಪಡೆಯುವವರು ಅಂಥ ಬೇರೆ ಕಂಪನಿಗಳಲ್ಲಿ ಸ್ವತಂತ್ರ ನಿರ್ದೇಶಕರಾಗಿ, ಅಂದರೆ ಮಾಲೀಕರ ನಂಟಿಲ್ಲದ ಹೊರಗಿನವರಾಗಿ, ಮೂರಕ್ಕಿಂತ ಹೆಚ್ಚು ಕಡೆ ಕೂರುವಂತಿಲ್ಲ. ನೀವು ಕಂಡ ಅಧಿಕಾರಿ ಮೂರು ಕಡೆ ಇದ್ದಾರೆ ಎಂದರೆ ಮಿತಿಯೊಳಗೇ ಇದ್ದಾರೆ. ಪ್ರತಿ ನಿರ್ದೇಶಕರಿಗೂ ಡಿನ್ ಎಂಬ ಗುರುತಿನ ಸಂಖ್ಯೆ ಇರುತ್ತದೆ, ವಾರ್ಷಿಕ ವರದಿಯಲ್ಲಿ ಸಹಿಯ ಕೆಳಗೆ ಅಚ್ಚಾಗಿರುತ್ತದೆ. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಆ ಸಂಖ್ಯೆ ಹಾಕಿದರೆ ಅವರು ಎಲ್ಲೆಲ್ಲಿ ಕೂತಿದ್ದಾರೆ ಎಂಬುದು ಸಿಗುತ್ತದೆ.

ಬ್ಯಾಂಕಿನಲ್ಲಿ ದುಡಿದವರಾದ್ದರಿಂದ ನಿಮಗೆ ಇನ್ನೊಂದು ಅನುಮಾನವೂ ಬಂದಿರಬೇಕು. ಸಿಮೆಂಟ್ ಕಂಪನಿಯ ನಿರ್ದೇಶಕರು ಬ್ಯಾಂಕಿನ ಮಂಡಳಿಯಲ್ಲೂ ಇದ್ದರೆ ಆ ಕಂಪನಿಗೆ ಸಾಲ ಸಲೀಸಾಗಿ ಸಿಗುವುದಿಲ್ಲವೇ? ಇಲ್ಲ. 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 20ನೇ ಸೆಕ್ಷನ್ ಅದನ್ನು ತಡೆಯುತ್ತದೆ. ತನ್ನ ನಿರ್ದೇಶಕರೊಬ್ಬರು ನಿರ್ದೇಶಕರಾಗಿರುವ ಕಂಪನಿಗೆ ಬ್ಯಾಂಕ್ ಸಾಮಾನ್ಯವಾಗಿ ಸಾಲ ಕೊಡುವಂತಿಲ್ಲ. ಈ ಗೋಡೆ ಸುಮ್ಮನೆ ಎದ್ದದ್ದಲ್ಲ. 1960ರ ದಶಕದವರೆಗೆ ದೇಶದ ದೊಡ್ಡ ಬ್ಯಾಂಕುಗಳ ಮಂಡಳಿಗಳಲ್ಲಿ ಉದ್ಯಮಿಗಳೇ ತುಂಬಿದ್ದರು. ಯುನೈಟೆಡ್ ಕಮರ್ಷಿಯಲ್ ಬ್ಯಾಂಕನ್ನು 1943ರಲ್ಲಿ ಕಟ್ಟಿದವರೇ ಜಿ.ಡಿ. ಬಿರ್ಲಾ. ಜನರ ಠೇವಣಿ ಮಂಡಳಿಯವರ ಕಾರ್ಖಾನೆಗಳಿಗೇ ಹರಿಯುತ್ತದೆ, ರೈತನಿಗೂ ಸಣ್ಣ ವ್ಯಾಪಾರಿಗೂ ಚಿಪ್ಪು ಎಂಬ ದೂರು ಜೋರಾದಾಗ 1968ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದರು. ಅದರ ಬೆನ್ನಿಗೇ, 1969ರ ಜುಲೈ 19ರಂದು, 14 ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. ಮುಂದೆ ಹೇಳುವುದಕ್ಕೆ ಇದು ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ. ಅವೇ ಜನ ಹಲವು ಮಂಡಳಿಗಳಲ್ಲಿ ಕೂತು ಕಂಪನಿಗಳನ್ನು ಹೆಣೆಯುವ ಜಾಲಕ್ಕೆ ಅಮೆರಿಕ, ಜರ್ಮನಿಗಳಲ್ಲಿ ಬ್ಯಾಂಕೇ ಹೊಕ್ಕುಳಾಗಿತ್ತು. ನಮ್ಮಲ್ಲಿ ಆ ನಂಟನ್ನು ಕಾನೂನೇ ಕತ್ತರಿಸಿದ್ದರಿಂದ ಜಾಲ ಬೇರೆ ಕಡೆ ಗಂಟು ಹಾಕಿಕೊಂಡಿತು.

ಇನ್ನು ನಿಮ್ಮ ಸೋದರಳಿಯನ ಮುನ್ನೂರು ಜನ. ಈ ಸಂಖ್ಯೆಗೆ ಒಂದು ಹುಟ್ಟೂರಿದೆ. 1909ರ ಕ್ರಿಸ್‌ಮಸ್ ದಿನ ವಿಯೆನ್ನಾದ ಪತ್ರಿಕೆಯೊಂದರಲ್ಲಿ ಜರ್ಮನಿಯ ಉದ್ಯಮಿ ವಾಲ್ಟರ್ ರಾಥೆನೌ ಒಂದು ಲೇಖನ ಬರೆದರು. ಒಬ್ಬರಿಗೊಬ್ಬರು ಪರಿಚಯವಿರುವ ಮುನ್ನೂರು ಜನ ಯುರೋಪ್ ಖಂಡದ ಆರ್ಥಿಕ ಭವಿಷ್ಯವನ್ನು ನಿರ್ಧರಿಸುತ್ತಾರೆ, ತಮ್ಮ ಉತ್ತರಾಧಿಕಾರಿಗಳನ್ನೂ ತಮ್ಮ ಸುತ್ತಲಿನವರಲ್ಲೇ ಹುಡುಕಿಕೊಳ್ಳುತ್ತಾರೆ ಎಂಬುದು ಅದರ ತಾತ್ಪರ್ಯ. ಬರೆದವರು ಹೊರಗೆ ನಿಂತು ನೋಡಿದವರಲ್ಲ. ಎಇಜಿ ಎಂಬ ವಿದ್ಯುತ್ ಉದ್ಯಮದ ಮನೆತನದವರು, ಸ್ವತಃ ಹತ್ತಾರು ಮಂಡಳಿಗಳಲ್ಲಿ ಕೂರುತ್ತಿದ್ದವರು. ಹೊಸ ಪ್ರತಿಭೆಗೆ ಬಾಗಿಲು ಮುಚ್ಚಿದೆ ಎಂಬ ಅಸಮಾಧಾನದಿಂದ ಬರೆದ ಮಾತದು. ಆದರೆ ಅವರು ಯಹೂದಿ. ಯಹೂದಿದ್ವೇಷಿಗಳು ಆ ವಾಕ್ಯವನ್ನು ಎತ್ತಿಕೊಂಡು 'ನೋಡಿ, ಇವನೇ ಒಪ್ಪಿಕೊಂಡಿದ್ದಾನೆ, ಯಹೂದಿಗಳ ಗುಪ್ತ ಸರ್ಕಾರವೊಂದಿದೆ' ಎಂದು ತಿರುಚಿದರು. 1922ರ ಜೂನ್ 24ರಂದು, ರಾಥೆನೌ ಜರ್ಮನಿಯ ವಿದೇಶಾಂಗ ಸಚಿವರಾಗಿದ್ದಾಗ, ಬಲಪಂಥೀಯ ಉಗ್ರರು ಬರ್ಲಿನ್‌ನ ರಸ್ತೆಯಲ್ಲೇ ಅವರನ್ನು ಗುಂಡಿಟ್ಟು ಕೊಂದರು. 'ಮುನ್ನೂರು ಜನ' ಎಂಬ ವಿಡಿಯೊ ಮತ್ತೆ ಬಂದರೆ ಈ ಕಥೆಯನ್ನು ಹುಡುಗನಿಗೆ ಹೇಳಿ. ಅಂಥ ಮಾತಿನಲ್ಲಿ ಒಂದು ಪಾಲು ನಿಜ, ಒಂದು ಪಾಲು ವಿಷ ಬೆರೆತಿರುತ್ತದೆ.

ನಿಜದ ಪಾಲನ್ನು ನೋಡೋಣ. ಅಮೆರಿಕದಲ್ಲಿ 1912-13ರಲ್ಲಿ ಸಂಸತ್ತಿನ ಸಮಿತಿಯೊಂದು, ಅದರ ಅಧ್ಯಕ್ಷರಾಗಿದ್ದ ಪೂಜೋ ಅವರ ಹೆಸರಿನಿಂದ ಪೂಜೋ ಸಮಿತಿ ಎಂದೇ ಪ್ರಸಿದ್ಧ, ಜೆ.ಪಿ. ಮಾರ್ಗನ್ ಮತ್ತು ಅದರ ಜೊತೆಗಿನ ಬ್ಯಾಂಕುಗಳ ಲೆಕ್ಕ ತೆಗೆಯಿತು. ಬೆರಳೆಣಿಕೆಯ ಬ್ಯಾಂಕುಗಳ ಜನ 112 ಕಂಪನಿಗಳಲ್ಲಿ 341 ನಿರ್ದೇಶಕ ಸ್ಥಾನಗಳಲ್ಲಿದ್ದರು. ರೈಲು, ಉಕ್ಕು, ವಿಮೆ ಯಾವುದನ್ನು ಮುಟ್ಟಿದರೂ ಅವರೇ. 1914ರ ಕ್ಲೇಟನ್ ಕಾಯ್ದೆ ಇದರ ಫಲ. ಪರಸ್ಪರ ಪೈಪೋಟಿಯಲ್ಲಿರುವ ಎರಡು ದೊಡ್ಡ ಕಂಪನಿಗಳಲ್ಲಿ ಒಬ್ಬರೇ ನಿರ್ದೇಶಕರಾಗುವುದನ್ನು ಅದರ 8ನೇ ಸೆಕ್ಷನ್ ನಿಷೇಧಿಸುತ್ತದೆ. ಬಹುಕಾಲ ಧೂಳು ತಿನ್ನುತ್ತಿದ್ದ ಆ ಸೆಕ್ಷನ್ನನ್ನು ಅಲ್ಲಿನ ನ್ಯಾಯ ಇಲಾಖೆ ಈಚೆಗೆ ಮತ್ತೆ ಕೈಗೆತ್ತಿಕೊಂಡಿದ್ದರಿಂದ 2022ರ ಅಕ್ಟೋಬರಿನಲ್ಲಿ ಐದು ಕಂಪನಿಗಳ ಮಂಡಳಿಗಳಿಂದ ಏಳು ನಿರ್ದೇಶಕರು ರಾಜೀನಾಮೆ ಕೊಟ್ಟರು. ನಮ್ಮ ಕಂಪನಿ ಕಾಯ್ದೆಯಲ್ಲಿ ಅಷ್ಟು ನೇರವಾದ ನಿಷೇಧ ಇಲ್ಲ. ಹಿತಾಸಕ್ತಿಯ ಸಂಘರ್ಷ ಬರುವಂತೆ ನಡೆದುಕೊಳ್ಳಬಾರದು ಎಂದು 166ನೇ ಸೆಕ್ಷನ್ ಹೇಳುತ್ತದೆ, ಸಂಬಂಧವನ್ನು ಬಹಿರಂಗಪಡಿಸಬೇಕು ಎಂದು 184ನೇ ಸೆಕ್ಷನ್ ಹೇಳುತ್ತದೆ. ಇದು ನಮ್ಮ ಕಾನೂನಿನ ಒಂದು ಸಡಿಲು ಎಂಬುದು ನನ್ನ ಅಭಿಪ್ರಾಯ.

ಜರ್ಮನಿಯ ಕಥೆ ಇನ್ನೂ ಸ್ವಾರಸ್ಯ. ಡಾಯ್ಚೆ ಬ್ಯಾಂಕಿನ ಹರ್ಮನ್ ಯೋಸೆಫ್ ಆಬ್ಸ್ ಎಷ್ಟೊಂದು ಕಂಪನಿಗಳ ಮೇಲ್ವಿಚಾರಣಾ ಮಂಡಳಿಗಳಲ್ಲಿ ಕೂರುತ್ತಿದ್ದರೆಂದರೆ, 1965ರಲ್ಲಿ ಒಬ್ಬರಿಗೆ ಹತ್ತು ಸ್ಥಾನಗಳ ಮಿತಿ ಹಾಕಿದ ಕಾನೂನಿಗೆ ಜನ 'ಆಬ್ಸ್ ಕಾಯ್ದೆ' ಎಂದೇ ಅಡ್ಡಹೆಸರಿಟ್ಟರು. ಒಬ್ಬ ಮನುಷ್ಯನನ್ನು ಕಣ್ಣಮುಂದಿಟ್ಟುಕೊಂಡು ದೇಶಕ್ಕೆಲ್ಲ ಕಾನೂನು! ಆದರೂ ಬ್ಯಾಂಕು, ವಿಮೆ, ಕಾರ್ಖಾನೆಗಳು ಒಂದರ ಷೇರನ್ನು ಇನ್ನೊಂದು ಹಿಡಿದುಕೊಂಡ ಗಂಟು ಬಿಡಿಸಿಕೊಳ್ಳಲಿಲ್ಲ. ಅಂಥ ಷೇರುಗಳನ್ನು ಮಾರಿದರೆ ಲಾಭದ ಮೇಲೆ ತೆರಿಗೆ ಇಲ್ಲ ಎಂಬ ನಿಯಮ 2002ರಲ್ಲಿ ಜಾರಿಗೆ ಬಂದ ಮೇಲೆ ಆ ಹೆಣಿಗೆ ಬೇಗ ಬೇಗ ಸಡಿಲವಾಯಿತು.

ಅಮೆರಿಕದಲ್ಲೂ ಹೀಗೇ ಆಯಿತು. 1990ರ ದಶಕದ ಕೊನೆಯವರೆಗೆ ಅಲ್ಲಿನ ದೊಡ್ಡ ಕಂಪನಿಗಳಲ್ಲಿ ಯಾವ ಎರಡನ್ನು ಹಿಡಿದರೂ, ನಿರ್ದೇಶಕರ ಮೂಲಕ ಸರಾಸರಿ ಮೂರೂವರೆ ಹೆಜ್ಜೆಯಲ್ಲಿ ಒಂದರಿಂದ ಇನ್ನೊಂದಕ್ಕೆ ತಲುಪಬಹುದಿತ್ತು. ಐದಾರು ಮಂಡಳಿಗಳಲ್ಲಿ ಕೂರುವ 'ಒಳವಲಯ'ದವರು ಅಲ್ಲಿ ಸಾಮಾನ್ಯವಾಗಿದ್ದರು. ಎನ್ರಾನ್ ಎಂಬ ಇಂಧನ ಕಂಪನಿಯ ಲೆಕ್ಕದ ಹಗರಣ, 2002ರ ಕಠಿಣ ಕಾನೂನು, ಹತ್ತು ಕಡೆ ಕೂತವರು ಎಲ್ಲೂ ಸರಿಯಾಗಿ ಕೆಲಸ ಮಾಡಲಾರರು ಎಂಬ ಹೂಡಿಕೆದಾರರ ಗೊಣಗಾಟ, ಇವೆಲ್ಲ ಸೇರಿ 2010ರ ಹೊತ್ತಿಗೆ ಅಂಥವರು ಬಹುಮಟ್ಟಿಗೆ ಮಾಯವಾದರು. ವಿಡಿಯೊಗಳು ಈ ಅರ್ಧವನ್ನು ಹೇಳುವುದೇ ಇಲ್ಲ. ಕುರ್ಚಿಗಳನ್ನು ಎಣಿಸಿದರೆ ಪಶ್ಚಿಮದ ಜಾಲ ಬಿಗಿಯಾಗುವ ಬದಲು ಸಡಿಲವಾಗಿದೆ.

ಹಾಗಾದರೆ ಅಧಿಕಾರ ಎಲ್ಲಿಗೆ ಹೋಯಿತು? ಷೇರು ಹಿಡಿದವರ ಕೈಗೆ. ಬ್ಲ್ಯಾಕ್‌ರಾಕ್, ವ್ಯಾನ್‌ಗಾರ್ಡ್, ಸ್ಟೇಟ್ ಸ್ಟ್ರೀಟ್ ಎಂಬ ಮೂರು ನಿಧಿ ಸಂಸ್ಥೆಗಳ ಪಾಲನ್ನು ಒಟ್ಟು ಮಾಡಿ ನೋಡಿದರೆ, ಅಮೆರಿಕದ ದೊಡ್ಡ ಕಂಪನಿಗಳ ಎಸ್ ಆ್ಯಂಡ್ ಪಿ 500 ಸೂಚ್ಯಂಕದಲ್ಲಿರುವ ಕಂಪನಿಗಳಲ್ಲಿ ಸುಮಾರು ಶೇ 88ರಲ್ಲಿ ಅವೇ ಅತಿ ದೊಡ್ಡ ಷೇರುದಾರ ಎಂದು 2017ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಈ ಸಂಸ್ಥೆಗಳ ಜನ ಮಂಡಳಿಯಲ್ಲಿ ಸಾಮಾನ್ಯವಾಗಿ ಕೂರುವುದೇ ಇಲ್ಲ. ಷೇರುದಾರರ ಸಭೆಯಲ್ಲಿ ಮತ ಹಾಕುತ್ತಾರೆ, ಬೇಕೆನಿಸಿದಾಗ ಮುಖ್ಯಸ್ಥರನ್ನು ಕರೆಸಿ ಮಾತಾಡುತ್ತಾರೆ. ಹಣವೂ ಅವರದಲ್ಲ. ಅಲ್ಲಿನ ಶಿಕ್ಷಕರ, ನೌಕರರ ಪಿಂಚಣಿ ಹಣ. ನಿಮ್ಮ ಮ್ಯೂಚುವಲ್ ಫಂಡಿನ ಎಸ್‌ಐಪಿ ಹೇಗೋ ಹಾಗೆ.

ಜಗತ್ತಿನ ಮಟ್ಟದಲ್ಲಿ ಬಹಳ ಜನ ಎತ್ತಿ ಆಡುವುದು 2011ರಲ್ಲಿ ಜ್ಯೂರಿಕ್‌ನ ಇಟಿಎಚ್ ಸಂಸ್ಥೆಯಿಂದ ಬಂದ ಅಧ್ಯಯನ. 43,060 ಬಹುರಾಷ್ಟ್ರೀಯ ಕಂಪನಿಗಳ ಷೇರು ಒಡೆತನವನ್ನು ಎಳೆ ಎಳೆಯಾಗಿ ಬಿಡಿಸಿ ನೋಡಿದಾಗ, ಒಟ್ಟು ನಿಯಂತ್ರಣದ ಸುಮಾರು ಶೇ 40 ಭಾಗ 147 ಸಂಸ್ಥೆಗಳ ಒಂದು ಗುಂಪಿನ ಕೈಯಲ್ಲಿ ಸುತ್ತುತ್ತಿತ್ತು. ಆ ಗುಂಪಿನ ಮುಕ್ಕಾಲು ಪಾಲು ಬ್ಯಾಂಕು, ನಿಧಿಗಳಂಥ ಹಣಕಾಸು ಸಂಸ್ಥೆಗಳು. ಇದನ್ನು ಓದಿ 'ಸಿಕ್ಕಿಬಿದ್ದರು' ಎಂದು ಕುಣಿದವರು ಬಹಳ. ಆದರೆ ಅವರು ಬಳಸಿದ ಮಾಹಿತಿ 2007ರದು, ಮತ್ತು ಪಟ್ಟಿಯ ಮೊದಲ ಐವತ್ತರಲ್ಲಿ ಅಮೆರಿಕದ ಹೂಡಿಕೆ ಬ್ಯಾಂಕ್ ಲೀಮನ್ ಬ್ರದರ್ಸ್ ಹೆಸರಿದೆ. ಮರುವರ್ಷ ಸೆಪ್ಟೆಂಬರಿನಲ್ಲಿ ಅದು ದಿವಾಳಿಯಾಯಿತು. ಜಗತ್ತನ್ನೇ ಆಳುವವರಿಗೆ ತಮ್ಮ ಅಂಗಡಿಯ ಬಾಗಿಲು ಮುಚ್ಚುವುದನ್ನು ತಡೆಯಲಾಗಲಿಲ್ಲ. ಆ ಅಧ್ಯಯನ ಒಡೆತನದ ನಕ್ಷೆ ಕೊಡುತ್ತದೆ. ಅವರೆಲ್ಲ ಒಂದೆಡೆ ಕೂತು ತೀರ್ಮಾನ ಮಾಡುತ್ತಾರೆ ಎಂಬುದಕ್ಕೆ ಅದರಲ್ಲಿ ಪುರಾವೆ ಇಲ್ಲ. ಅಂಥ ಗಂಟಿನಲ್ಲಿ ಒಬ್ಬ ಮುಳುಗಿದರೆ ಉಳಿದವರನ್ನೂ ಎಳೆದುಕೊಂಡು ಹೋಗುತ್ತಾನೆ ಎಂಬುದು ಅದರ ನಿಜವಾದ ಎಚ್ಚರಿಕೆಯಾಗಿತ್ತು. 2008ರಲ್ಲಿ ಆದದ್ದೂ ಅದೇ.

ಒಂದೆಡೆ ಕೂರುವ ಜಾಗಗಳೂ ಇಲ್ಲದಿಲ್ಲ. 1971ರಲ್ಲಿ ಕ್ಲೌಸ್ ಶ್ವಾಬ್ ಶುರುಮಾಡಿದ ದಾವೋಸ್ ಸಭೆ, ಅಮೆರಿಕ, ಯುರೋಪ್, ಜಪಾನಿನ ಗಣ್ಯರ ಕೂಟವಾಗಿ 1973ರಲ್ಲಿ ಹುಟ್ಟಿದ ಟ್ರೈಲ್ಯಾಟರಲ್ ಕಮಿಷನ್ ಇತ್ಯಾದಿ. ಅಲ್ಲಿ ಆಗುವುದು ಆಜ್ಞೆಗಿಂತ ಹೆಚ್ಚಾಗಿ ಪರಿಚಯ. ಯಾರನ್ನು ಎಲ್ಲಿಗೆ ತೆಗೆದುಕೊಳ್ಳಬಹುದು, ಯಾರ ಮಾತು ತೂಕದ್ದು, ಯಾವ ವಿಚಾರ ಈಗ ಚಾಲ್ತಿಯಲ್ಲಿದೆ ಎಂಬುದು ಅಂಥಲ್ಲಿ ಹದಗೊಳ್ಳುತ್ತದೆ.

ಈ ಪರಿಚಯದ ವಲಯದೊಳಗೆ ನಮ್ಮವರೂ ಹೋಗಿದ್ದಾರೆ. ಸತ್ಯ ನಾದೆಲ್ಲಾ 2017ರಿಂದ 2024ರವರೆಗೆ ಸ್ಟಾರ್‌ಬಕ್ಸ್ ಮಂಡಳಿಯಲ್ಲಿದ್ದರು, ಇಂದ್ರಾ ನೂಯಿ 2019ರಲ್ಲಿ ಅಮೆಜಾನ್ ಮಂಡಳಿ ಸೇರಿದರು. ನಾರಾಯಣ ಮೂರ್ತಿಯವರು ಯೂನಿಲಿವರ್ ಮತ್ತು ಎಚ್‌ಎಸ್‌ಬಿಸಿ ಮಂಡಳಿಗಳಲ್ಲಿದ್ದವರು. ಕೆ.ವಿ. ಕಾಮತ್ ಅವರ ದಾರಿಯನ್ನು ನೋಡಿ. ಸುರತ್ಕಲ್ ಎಂಜಿನಿಯರಿಂಗ್ ಕಾಲೇಜಿನಿಂದ ಅಹಮದಾಬಾದ್, ಅಲ್ಲಿಂದ ಐಸಿಐಸಿಐ, ಅಲ್ಲಿನ ಅಧ್ಯಕ್ಷಗಿರಿ, ಇನ್ಫೊಸಿಸ್ ಅಧ್ಯಕ್ಷಗಿರಿ, 2015ರಲ್ಲಿ ಶಾಂಘೈನಲ್ಲಿ ಬ್ರಿಕ್ಸ್ ದೇಶಗಳ ಬ್ಯಾಂಕಿನ ಮೊದಲ ಅಧ್ಯಕ್ಷಸ್ಥಾನ, ಆಮೇಲೆ ರಿಲಯನ್ಸ್ ಇಂಡಸ್ಟ್ರೀಸ್ ಮಂಡಳಿ. ಇದರಲ್ಲಿ ತಪ್ಪೇನೂ ಇಲ್ಲ. ಒಂದು ಕಡೆ ಚೆನ್ನಾಗಿ ಕೆಲಸ ಮಾಡಿದವರನ್ನು ಇನ್ನೊಂದು ಕಡೆಯವರು ಕರೆಯುತ್ತಾರೆ. ಆದರೂ ಇಡೀ ನಕ್ಷೆ ನೋಡಿದರೆ 'ಜಾಗತಿಕ' ಎಂಬ ಹೆಸರು ಸ್ವಲ್ಪ ಉಬ್ಬರವೇ. ದೇಶದ ಗಡಿ ದಾಟುವ ಮಂಡಳಿ ನಂಟುಗಳಲ್ಲಿ ದೊಡ್ಡ ಪಾಲು ಯುರೋಪ್ ಮತ್ತು ಉತ್ತರ ಅಮೆರಿಕದ ನಡುವಿನವು. ಏಷ್ಯಾದ ಕಂಪನಿಗಳು ಹೆಚ್ಚಾಗಿ ತಂತಮ್ಮ ದೇಶದವರನ್ನೇ ಕೂರಿಸಿಕೊಳ್ಳುತ್ತವೆ.

ನಮ್ಮ ಸುತ್ತಲಿನ ನೆಲಕ್ಕೂ ಈ ಎಳೆಗಳು ಬಂದಿವೆ. ಚಿತ್ರದುರ್ಗದ ಮೇಗಳಹಳ್ಳಿ ಸುತ್ತಿನ ಕಬ್ಬಿಣದ ಅದಿರನ್ನು ಸೆಸಾ ಗೋವಾ ಕಂಪನಿ ತೆಗೆಯುತ್ತಿತ್ತು. ಅದರ ಶೇ 51 ಷೇರು ಜಪಾನಿನ ಮಿತ್ಸುಯಿ ಕೈಯಲ್ಲಿತ್ತು. 2007ರಲ್ಲಿ ಆ ಪಾಲನ್ನು ಲಂಡನ್ ಷೇರುಪೇಟೆಯಲ್ಲಿ ಪಟ್ಟಿಯಾಗಿದ್ದ ವೇದಾಂತ ಸುಮಾರು 98 ಕೋಟಿ ಡಾಲರಿಗೆ ಕೊಂಡಿತು. ದುರ್ಗದಲ್ಲಿ ಅದಿರು ತುಂಬಿದ ಲಾರಿಗಳು ಓಡುವ ದಾರಿ ಬದಲಾಗಲಿಲ್ಲ, ಕಂಪನಿ ಯಾರದೆಂಬುದು ಟೋಕಿಯೊ ಬಿಟ್ಟು ಲಂಡನ್ನಿಗೆ ಹೋಯಿತು. ಆ ಲಾರಿಗಳನ್ನು ನಿಲ್ಲಿಸಿದ್ದು ಬೇರೆಯೇ ಜಾಗ. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳ ಗಣಿಗಾರಿಕೆಗೆ ತಡೆ ಹಾಕಿತು.

ಹರಿಹರದ ಆಚೆ ತುಂಗಭದ್ರೆ ದಾಟಿದರೆ ಸಿಗುವ, ಮರದ ತಿರುಳು-ನಾರು ಮಾಡುವ ಕುಮಾರಪಟ್ಟಣಂ ಕಾರ್ಖಾನೆ ನಿಮಗೆ ಗೊತ್ತೇ ಇದೆ. ಅದು ಬಿರ್ಲಾ ಸಮೂಹದ ಗ್ರಾಸಿಂ ಕಂಪನಿಯದು. ಆ ಕಂಪನಿಯ ನೋಂದಾಯಿತ ಕಚೇರಿ ಇರುವುದು ಮಧ್ಯಪ್ರದೇಶದ ನಾಗ್ದಾದಲ್ಲಿ. 1980ರ ದಶಕದಲ್ಲಿ ಈ ಕಾರ್ಖಾನೆಗೆ ನೀಲಗಿರಿ ಬೆಳೆಸಲು ರಾಜ್ಯ ಸರ್ಕಾರವೂ ಗ್ರಾಸಿಂನ ಘಟಕವಾದ ಹರಿಹರ ಪಾಲಿಫೈಬರ್ಸೂ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಜಂಟಿ ಕಂಪನಿ ಮಾಡಿಕೊಂಡವು. ಸರ್ಕಾರದ್ದು ಶೇ 51, ಕಂಪನಿಯದು ಶೇ 49. ಸುಮಾರು 30,000 ಹೆಕ್ಟೇರ್ ಸಾಮುದಾಯಿಕ ಭೂಮಿ ಅದಕ್ಕೆ ಹೋಗುವುದಿತ್ತು. ದನ ಮೇಯಿಸುವ, ಸೌದೆ ತರುವ ಹಳ್ಳಿಯವರು ಆ ಮಂಡಳಿಯಲ್ಲಿ ಇರಲಿಲ್ಲ. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ನೀಲಗಿರಿ ಕಿತ್ತು ತಮಗೆ ಬೇಕಾದ ಸಸಿ ನೆಟ್ಟರು. ಅದು 'ಕಿತ್ತಿಕೊ-ಹಚ್ಚಿಕೊ' ಸತ್ಯಾಗ್ರಹ. 1991ರಲ್ಲಿ ಆ ಜಂಟಿ ಕಂಪನಿಗೆ ಬೀಗ ಬಿತ್ತು. ಮಂಡಳಿಯಲ್ಲಿ ಕೂತವರೆಲ್ಲ ಒಂದಾದರೆ ಆಟ ಮುಗಿಯಿತು ಎಂದು ಹೇಳುವವರಿಗೆ ನಾನು ಕೊಡುವ ಉದಾಹರಣೆ ಇದು.

ಈಗ ನಮ್ಮ ಜಾಲದ ಗಂಟು ಬ್ಯಾಂಕು ಬಿಟ್ಟು ಎಲ್ಲಿ ಬಿತ್ತು ಎಂಬ ವಿಷಯಕ್ಕೆ ಬರುತ್ತೇನೆ. ಬ್ರಿಟಿಷರ ಕಾಲದಿಂದ ನಮ್ಮಲ್ಲಿ ಮ್ಯಾನೇಜಿಂಗ್ ಏಜೆನ್ಸಿ ಪದ್ಧತಿ ಇತ್ತು. ಒಂದು ಏಜೆನ್ಸಿ ಮನೆ, ಅದರ ಕೈಕೆಳಗೆ ಸೆಣಬು, ಚಹಾ, ಕಲ್ಲಿದ್ದಲಿನ ಹತ್ತಾರು ಕಂಪನಿ. 1970ರ ಏಪ್ರಿಲ್‌ನಲ್ಲಿ ಅದು ರದ್ದಾಯಿತು, ಕುಟುಂಬದ ಹಿಡಿತ ಉಳಿಯಿತು. ಹಾಗಾಗಿ ಭಾರತದ ಪಟ್ಟಿಯಾದ ಕಂಪನಿಯೆಂದರೆ ಬಹುತೇಕ ಒಂದು ಪ್ರವರ್ತಕ ಕುಟುಂಬ, ಅಂದರೆ ಕಂಪನಿ ಕಟ್ಟಿ ಹಿಡಿತ ಇಟ್ಟುಕೊಂಡವರು, ಸುತ್ತ ಅವರು ಕರೆದು ಕೂರಿಸಿದ ಹೊರಗಿನವರು. 1999ರಲ್ಲಿ ಕುಮಾರ ಮಂಗಲಂ ಬಿರ್ಲಾ ಅಧ್ಯಕ್ಷತೆಯ ಸೆಬಿ ಸಮಿತಿ ಸ್ವತಂತ್ರ ನಿರ್ದೇಶಕರ ಬಗ್ಗೆ ನಿಯಮ ಸೂಚಿಸಿತು. ದೊಡ್ಡ ಕುಟುಂಬ ಸಮೂಹದ ಮುಖ್ಯಸ್ಥರೇ ಆ ಸಮಿತಿಯ ಅಧ್ಯಕ್ಷರು ಎಂಬುದನ್ನು ಗಮನಿಸಿ. ಈಗಿನ ಕಾಯ್ದೆಯಲ್ಲಿ ಪಟ್ಟಿಯಾದ ಕಂಪನಿಯ ಮಂಡಳಿಯ ಮೂರನೇ ಒಂದು ಭಾಗವಾದರೂ ಸ್ವತಂತ್ರರಿರಬೇಕು, ಒಬ್ಬ ಮಹಿಳೆಯಾದರೂ ಇರಬೇಕು. ಸ್ವತಂತ್ರರಿಗೆ ಐದು ವರ್ಷಗಳಂತೆ ಎರಡು ಅವಧಿ, ಸಭೆಗೆ ಗರಿಷ್ಠ 1 ಲಕ್ಷ ರೂಪಾಯಿ ಶುಲ್ಕ, ಲಾಭದಲ್ಲಿ ಮಿತಿಯೊಳಗೆ ಕಮಿಷನ್. 2019ರ ಡಿಸೆಂಬರಿನಿಂದ ಅವರಿಗೊಂದು ಡೇಟಾಬ್ಯಾಂಕ್ ಕೂಡ ಇದೆ, ಅದರಲ್ಲಿ ಹೆಸರು ನೋಂದಾಯಿಸಿಕೊಳ್ಳಬೇಕು.

ಡೇಟಾಬ್ಯಾಂಕ್ ನೋಡಿ ಯಾರೂ ಅಪರಿಚಿತರನ್ನು ಕರೆಯುವುದಿಲ್ಲ. ಪ್ರವರ್ತಕರು ತಮ್ಮ ಆಡಿಟರನ್ನೋ, ಇನ್ನೊಬ್ಬ ಉದ್ಯಮಿಯನ್ನೋ ಕೇಳುತ್ತಾರೆ: 'ಒಳ್ಳೆಯವರು ಯಾರಾದರೂ ಇದ್ದಾರಾ? ತಕರಾರಿನವರು ಬೇಡ.' ಅಲ್ಲೊಂದು ಹೆಸರು ಹೊರಡುತ್ತದೆ. ಹೆಸರು ಹೇಳಿದವರಿಗೆ ಬಂದವರು ಋಣಿ, ಕರೆದವರಿಗೂ ಋಣಿ. ನಮ್ಮೂರಿನಲ್ಲೇ ಅರ್ಬನ್ ಬ್ಯಾಂಕು, ವಿದ್ಯಾಸಂಸ್ಥೆ, ವರ್ತಕರ ಸಂಘ, ದೇವಸ್ಥಾನದ ಟ್ರಸ್ಟು, ಈ ನಾಲ್ಕರ ಆಡಳಿತ ಮಂಡಳಿ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟರೆ ಕೆಲವು ಹೆಸರು ಮರುಕಳಿಸುವುದಿಲ್ಲವೇ? ಅಲ್ಲಿ ಯಾರೂ ಸಂಚು ಮಾಡಿಲ್ಲ. ನಂಬಿಕೆಯ ಜನ ಎಂದು ಕರೆದಿದ್ದಾರೆ, ಕರೆಸಿಕೊಂಡವರು ಮುಲಾಜಿಗೆ ಬಿದ್ದಿದ್ದಾರೆ. ದೊಡ್ಡ ಕಂಪನಿಗಳಲ್ಲಿ ನಡೆಯುವುದೂ ಇದೇ, ಮೊತ್ತ ಮಾತ್ರ ಬೇರೆ. ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ತಿರುಳು ಇಲ್ಲಿದೆ. ಇವರು ಕೂಡಿಕೊಂಡು ಜಗತ್ತನ್ನು ಆಳುತ್ತಾರೆ ಎಂಬುದಕ್ಕಿಂತ, ಒಬ್ಬರ ಮುಖ ನೋಡಿ ಒಬ್ಬರು 'ಇಲ್ಲ' ಎನ್ನಲಾಗದೆ ಕೂರುತ್ತಾರೆ ಎಂಬುದೇ ನಿಮ್ಮ ಹಣಕ್ಕೆ ಹೆಚ್ಚು ಅಪಾಯ.

ಕಂಪನಿ ಸೆಕ್ರೆಟರಿಯಾಗಿ ಸಭೆಯ ನಡಾವಳಿ ಬರೆಯುವುದು ನನ್ನ ವೃತ್ತಿ. ಒಳಗೆ ಹೇಗಿರುತ್ತದೆ ಹೇಳುತ್ತೇನೆ. ಕಾರ್ಯಸೂಚಿ ಏಳು ದಿನ ಮೊದಲು ಹೋಗುತ್ತದೆ, ಲಗತ್ತುಗಳು ಸೇರಿ ಇನ್ನೂರು-ಮುನ್ನೂರು ಪುಟ. ಸಭೆ ಎರಡು-ಮೂರು ತಾಸು. ಬಾರದವರಿಗೆ ರಜೆ ಮಂಜೂರು, ಹಿಂದಿನ ನಡಾವಳಿಗೆ ಒಪ್ಪಿಗೆ, ತ್ರೈಮಾಸಿಕ ಲೆಕ್ಕ, ಆಮೇಲೆ ಪ್ರವರ್ತಕರ ಇನ್ನೊಂದು ಕಂಪನಿಯ ಜೊತೆಗಿನ ಗೋದಾಮು ಬಾಡಿಗೆಯೋ ಬ್ರ್ಯಾಂಡ್ ಶುಲ್ಕವೋ. ಆಕ್ಷೇಪ ಇರುವ ನಿರ್ದೇಶಕರು ಸಭೆಯಲ್ಲಿ ಬಾಯಿ ಬಿಡುವುದು ಕಡಿಮೆ. ಹಿಂದಿನ ಸಂಜೆ ಫೋನ್ ಮಾಡಿ 'ಆ ಐಟಮ್ಮಿಗೆ ಒಂದು ವ್ಯಾಲ್ಯುಯೇಷನ್ ವರದಿ ಹಾಕಿಸಿಬಿಡಿ, ನನಗೂ ಸಮಾಧಾನ' ಎನ್ನುತ್ತಾರೆ. ಹಾವೂ ಸಾಯದು, ಕೋಲೂ ಮುರಿಯದು. ವರದಿ ಬರುತ್ತದೆ, ನಡಾವಳಿಯಲ್ಲಿ 'ಸರ್ವಾನುಮತದಿಂದ ಅನುಮೋದಿಸಲಾಯಿತು' ಎಂಬ ಸಾಲು ಬೀಳುತ್ತದೆ. ಆ ಫೋನ್ ಕರೆಯಿಂದ ಕೆಲವೊಮ್ಮೆ ಕೆಟ್ಟ ಪ್ರಸ್ತಾವ ಸದ್ದಿಲ್ಲದೆ ಹಿಂದೆ ಸರಿಯುವುದೂ ಉಂಟು, ಅದನ್ನೂ ಹೇಳಬೇಕು. ಹೊರಗಿನವರಿಗೆ ಎರಡೂ ಕಾಣುವುದಿಲ್ಲ.

ದೊಡ್ಡ ಹೆಸರುಗಳಿದ್ದರೆ ಮಂಡಳಿ ಗಟ್ಟಿ ಎಂಬ ಭ್ರಮೆಯನ್ನು ಸತ್ಯಂ ಹಗರಣ ಒಡೆಯಿತು. 2008ರ ಡಿಸೆಂಬರ್ 16ರಂದು ಸತ್ಯಂ ಕಂಪ್ಯೂಟರ್ಸ್ ಮಂಡಳಿ, ಕಂಪನಿಯ ಅಧ್ಯಕ್ಷ ರಾಮಲಿಂಗ ರಾಜು ಅವರ ಕುಟುಂಬದ್ದೇ ಆದ ಮೇಟಾಸ್ ಎಂಬ ಎರಡು ಕಂಪನಿಗಳನ್ನು ಸುಮಾರು 160 ಕೋಟಿ ಡಾಲರಿಗೆ ಕೊಳ್ಳಲು ಒಪ್ಪಿತು. ಸಾಫ್ಟ್‌ವೇರ್ ಕಂಪನಿಗೆ ರಸ್ತೆ-ಕಟ್ಟಡದ ಕಂಪನಿ ಯಾಕೆ? ಆ ಮಂಡಳಿಯಲ್ಲಿ ಹಾರ್ವರ್ಡ್ ಪ್ರಾಧ್ಯಾಪಕರೊಬ್ಬರು, ಪೆಂಟಿಯಂ ಚಿಪ್ ರೂಪಿಸಿದವರೆಂದು ಹೆಸರಾದವರು, ಕೇಂದ್ರದ ಮಾಜಿ ಸಂಪುಟ ಕಾರ್ಯದರ್ಶಿ, ಹೈದರಾಬಾದಿನ ಪ್ರತಿಷ್ಠಿತ ಬಿಸಿನೆಸ್ ಸ್ಕೂಲಿನ ಡೀನ್ ಎಲ್ಲ ಇದ್ದರು. ಮಂಡಳಿ ತಡೆಯದ್ದನ್ನು ಷೇರುಪೇಟೆ ತಡೆಯಿತು. ಹೂಡಿಕೆದಾರರು ರೊಚ್ಚಿಗೆದ್ದು ಕೆಲವೇ ತಾಸಿನಲ್ಲಿ ಒಪ್ಪಂದ ಹಿಂದಕ್ಕೆ ಹೋಯಿತು. 2009ರ ಜನವರಿ 7ರಂದು ರಾಜು ಪತ್ರ ಬರೆದು ಲೆಕ್ಕದಲ್ಲಿ ತೋರಿಸಿದ ನಗದಿನಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು. ಆ ನಿರ್ದೇಶಕರು ಲೂಟಿಯಲ್ಲಿ ಪಾಲುದಾರರಾಗಿದ್ದರು ಎಂದು ನಾನು ಹೇಳುತ್ತಿಲ್ಲ. ಕೇಳಬೇಕಾದ ಪ್ರಶ್ನೆಯನ್ನು ಕೊನೆವರೆಗೆ ಪಟ್ಟು ಹಿಡಿದು ಕೇಳಲಿಲ್ಲ.

ಕೇಳಿದವರ ಗತಿಯನ್ನೂ ನೋಡಿ. 2016ರ ಅಕ್ಟೋಬರಿನಲ್ಲಿ ಟಾಟಾ ಸಮೂಹದ ಮಾತೃಸಂಸ್ಥೆ ಟಾಟಾ ಸನ್ಸ್, ಸೈರಸ್ ಮಿಸ್ತ್ರಿ ಅವರನ್ನು ಅಧ್ಯಕ್ಷ ಸ್ಥಾನದಿಂದ ಇಳಿಸಿದಾಗ, ಸಮೂಹದ ಮೂರು ಕಂಪನಿಗಳಲ್ಲಿ ಸ್ವತಂತ್ರ ನಿರ್ದೇಶಕರಾಗಿದ್ದ ನುಸ್ಲಿ ವಾಡಿಯಾ ಮಿಸ್ತ್ರಿ ಪರ ನಿಂತರು. ಡಿಸೆಂಬರಿನಲ್ಲಿ ಷೇರುದಾರರ ಸಭೆಗಳಲ್ಲಿ ಮತಕ್ಕೆ ಹಾಕಿ ಅವರನ್ನು ತೆಗೆಯಲಾಯಿತು. ಸರಿ-ತಪ್ಪು ಯಾರದು ಎಂಬ ಜಗಳಕ್ಕೆ ನಾನು ಹೋಗುವುದಿಲ್ಲ. ಪ್ರವರ್ತಕರ ದೊಡ್ಡ ಮತವೇ ಸ್ವತಂತ್ರ ನಿರ್ದೇಶಕರನ್ನು ಕೂರಿಸಬಲ್ಲದು, ಎಬ್ಬಿಸಬಲ್ಲದು ಎಂಬುದು ಅಂದು ಎಲ್ಲರಿಗೂ ಕಂಡಿತು. ಅದಾದ ಮೇಲೆ ನಿಯಮ ಸ್ವಲ್ಪ ಬಿಗಿಯಾಗಿದೆ, 2022ರಿಂದ ಪಟ್ಟಿಯಾದ ಕಂಪನಿಯಲ್ಲಿ ಸ್ವತಂತ್ರ ನಿರ್ದೇಶಕರ ಮೊದಲ ನೇಮಕಕ್ಕೂ ವಿಶೇಷ ನಿರ್ಣಯ ಬೇಕು.

ಪರಿಚಯದವರನ್ನೇ ಕರೆಯುವ ಪದ್ಧತಿಗೆ ಇನ್ನೊಂದು ಮುಖವಿದೆ, ಜಾತಿ. ದೇಶದ 1,000 ದೊಡ್ಡ ಕಂಪನಿಗಳ ನಿರ್ದೇಶಕರ 2010ರ ಪಟ್ಟಿಯನ್ನು ಅಡ್ಡಹೆಸರುಗಳ ಮೂಲಕ ಪರಿಶೀಲಿಸಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಶೇ 90ಕ್ಕೂ ಹೆಚ್ಚು ಜನ ಮುಂದುವರಿದ ಜಾತಿಗಳವರು, ಹಿಂದುಳಿದ ವರ್ಗದವರು ಶೇ 3.8, ಪರಿಶಿಷ್ಟ ಜಾತಿ-ಪಂಗಡದವರು ಶೇ 3.5. ಅಡ್ಡಹೆಸರಿನಿಂದ ಜಾತಿ ಊಹಿಸುವುದರಲ್ಲಿ ದೋಷ ಇದ್ದೇ ಇರುತ್ತದೆ, ಕನ್ನಡಿಗರ ಹೆಸರುಗಳಲ್ಲಂತೂ ಹೇಳುವುದೇ ಬೇಡ. ಆದರೂ ಇಷ್ಟು ದೊಡ್ಡ ಅಂತರಕ್ಕೆ ಆ ದೋಷವೊಂದೇ ಕಾರಣವಾಗಲಾರದು. ಯಾರೂ ಬಾಗಿಲಲ್ಲಿ ನಿಂತು ತಡೆದಿಲ್ಲ. 'ಒಳ್ಳೆಯವರು ಯಾರಾದರೂ ಇದ್ದಾರಾ' ಎಂಬ ಪ್ರಶ್ನೆ ಹೋಗುವುದು ತಮ್ಮವರ ಕಿವಿಗೆ ಮಾತ್ರ.

ಕೊನೆಗೆ ನಿಮ್ಮ ಐವತ್ತು ಷೇರು. ಆ ಅಧಿಕಾರಿ ಮೂರು ಕಡೆ ಇರುವುದನ್ನು ಅಲ್ಲಿಗೇ ಬಿಡಿ. ವಾರ್ಷಿಕ ವರದಿಯಲ್ಲಿ 'ಕಾರ್ಪೊರೇಟ್ ಆಡಳಿತ ವರದಿ' ತೆಗೆದು ಹಾಜರಿ ಕೋಷ್ಟಕ ನೋಡಿ, ಎಷ್ಟು ಸಭೆಗೆ ಬಂದಿದ್ದಾರೆ, ಲೆಕ್ಕಪರಿಶೋಧನಾ ಸಮಿತಿಯಲ್ಲಿ ಇದ್ದಾರೆಯೇ. ಆಮೇಲೆ 'ಸಂಬಂಧಿತ ಪಕ್ಷಗಳ', ಅಂದರೆ ಪ್ರವರ್ತಕರ ನಂಟಿನ ಜನ ಮತ್ತು ಕಂಪನಿಗಳ, ಜೊತೆಗಿನ ವ್ಯವಹಾರಗಳ ಪಟ್ಟಿ, ಸಾಮಾನ್ಯವಾಗಿ ಲೆಕ್ಕಪತ್ರದ ಟಿಪ್ಪಣಿಗಳ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಪ್ರವರ್ತಕರ ಖಾಸಗಿ ಕಂಪನಿಗೆ ಹೋಗುವ ಬಾಡಿಗೆ, ಸಾಲ, ಶುಲ್ಕ ವರ್ಷದಿಂದ ವರ್ಷಕ್ಕೆ ಏರುತ್ತಿದೆಯೇ? ಸ್ವತಂತ್ರ ನಿರ್ದೇಶಕರು ಅವಧಿಗೆ ಮೊದಲೇ ರಾಜೀನಾಮೆ ಕೊಟ್ಟಿದ್ದರೆ ಅವರ ಪತ್ರವನ್ನು ಕಂಪನಿ ಏಳು ದಿನದೊಳಗೆ ಷೇರುಪೇಟೆಗೆ ಕೊಡಬೇಕು, ಅದನ್ನು ಓದಿ. 'ವೈಯಕ್ತಿಕ ಕಾರಣ' ಎಂದು ಒಂದೇ ವರ್ಷದಲ್ಲಿ ಇಬ್ಬರು ಹೋಗಿದ್ದರೆ ನಾನಾದರೆ ಆ ಷೇರು ಇಟ್ಟುಕೊಳ್ಳುವುದಿಲ್ಲ.

ಮತವನ್ನೂ ಹಾಕಿ. ದೊಡ್ಡ ಮೊತ್ತದ ಸಂಬಂಧಿತ ವ್ಯವಹಾರಕ್ಕೆ ಷೇರುದಾರರ ಒಪ್ಪಿಗೆ ಬೇಕಾದಾಗ ಸಂಬಂಧಿತರು ಅದರ ಪರವಾಗಿ ಮತ ಹಾಕುವಂತಿಲ್ಲ. ಅಂದರೆ ಪ್ರವರ್ತಕರ ಶೇ 60 ಷೇರು ಅಲ್ಲಿ ಲೆಕ್ಕಕ್ಕಿಲ್ಲ, ಉಳಿದವರದೇ ತೀರ್ಪು. ವಿಶೇಷ ನಿರ್ಣಯಕ್ಕೆ ಮುಕ್ಕಾಲು ಭಾಗ ಮತ ಬೇಕು. 2021ರ ಆಗಸ್ಟ್‌ನಲ್ಲಿ ಐಷರ್ ಮೋಟಾರ್ಸ್‌ನಲ್ಲಿ ವ್ಯವಸ್ಥಾಪಕ ನಿರ್ದೇಶಕ ಸಿದ್ಧಾರ್ಥ ಲಾಲ್ ಅವರ ಮರುನೇಮಕದ ವಿಶೇಷ ನಿರ್ಣಯ ಬಿದ್ದುಹೋದದ್ದು ನಾಲ್ಕನೇ ಒಂದಕ್ಕಿಂತ ತುಸು ಹೆಚ್ಚು ಮತ ವಿರುದ್ಧ ಬಂದಿದ್ದರಿಂದ. ಪ್ರಶ್ನೆ ಅವರ ಸಂಬಳದ ಏರಿಕೆಯದು. ಬುಲೆಟ್ ಬೈಕ್ ಮಾರುವ ಕಂಪನಿಯಲ್ಲೂ ಪ್ರವರ್ತಕರು ಷೇರುದಾರರ ಮುಂದೆ ಮತ್ತೆ ಹೊಸ ನಿರ್ಣಯ ತರಬೇಕಾಯಿತು. ನಿಮ್ಮ ಡಿಮ್ಯಾಟ್ ಖಾತೆಯಿಂದಲೇ ಇ-ವೋಟಿಂಗ್ ಮಾಡಬಹುದು, ಮೊಬೈಲಿಗೆ ಓಟಿಪಿ ಬರುತ್ತದೆ. ಕನಿಷ್ಠ ಮೂರು ದಿನ ಅವಕಾಶ ಇರುತ್ತದೆ, ಸಭೆಯ ಹಿಂದಿನ ದಿನ ಸಂಜೆ 5ಕ್ಕೆ ಮುಗಿಯುತ್ತದೆ. ಎಂ.ಕಾಂ. ಓದುವ ಸೋದರಳಿಯನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾಡಿ, ನೋಟಿಸಿನ ಜೊತೆಗಿರುವ ವಿವರಣಾ ಹೇಳಿಕೆಯನ್ನು ಅವನಿಂದ ಓದಿಸಿ.